ಆಟಿಸಂ, ಎಡಿಎಚ್‌ಡಿ ಇರುವವರಿಗೆ ಆಸ್ಪತ್ರೆಯ ದಾರಿ ಸಲೀಸಾಗುವುದು ಹೇಗೆ?

ಆಟಿಸಂ ಇರುವ ವಯಸ್ಕರೊಬ್ಬರಿಗೆ ಹೊಟ್ಟೆನೋವು ಬಂದಿದೆ ಎಂದುಕೊಳ್ಳಿ. ಇದು ಆಸ್ಪತ್ರೆಗೆ ತೋರಿಸುವಷ್ಟು ದೊಡ್ಡ ನೋವೇ ಎಂದು ಅವರು ಮೊದಲು ತೀರ್ಮಾನಿಸಬೇಕು. ಫೋನ್ ಮಾಡಿ ಸಮಯ ಕೇಳಬೇಕು. ಟ್ಯೂಬ್‌ಲೈಟಿನ ಬೆಳಕು, ಫಿನಾಯಿಲ್ ವಾಸನೆ, ಟಿ.ವಿ. ಸದ್ದು, ಮಕ್ಕಳ ಅಳು ಇವೆಲ್ಲದರ ನಡುವೆ ಟೋಕನ್ ಹಿಡಿದು ಕಾಯಬೇಕು. ಕೊನೆಗೆ ಸಿಗುವ ಕೆಲವೇ ನಿಮಿಷಗಳಲ್ಲಿ ‘ಏನಾಗ್ತಿದೆ ಹೇಳಿ’ ಎಂಬ ಪ್ರಶ್ನೆಗೆ ತಟ್ಟನೆ ಉತ್ತರ ಕೊಡಬೇಕು. ಇಷ್ಟರಲ್ಲಿ ಯಾವುದೋ ಒಂದು ಹಂತದಿಂದ ಅನೇಕರು ಮನೆಗೆ ಮರಳುತ್ತಾರೆ. ಕಾಯಿಲೆ ಹಾಗೇ ಬೆಳೆಯುತ್ತದೆ.

ಇದು ಊಹೆಯಲ್ಲ. ಐರ್ಲೆಂಡಿನ ಅರಿವಳಿಕೆ ತಜ್ಞೆ ಡಾ. ಮೇರಿ ಡೋಹರ್ಟಿ ಮತ್ತು ಸಂಗಡಿಗರು 2022ರಲ್ಲಿ ‘ಬಿಎಂಜೆ ಓಪನ್’ ಪತ್ರಿಕೆಯಲ್ಲಿ ಒಂದು ಸಮೀಕ್ಷೆ ಪ್ರಕಟಿಸಿದರು. ಸಾಮಾನ್ಯ ವೈದ್ಯರ ಬಳಿಗೆ ಹೋಗುವುದೇ ಕಷ್ಟ ಎಂದವರು ಆಟಿಸಂ ಇರುವವರಲ್ಲಿ ಶೇ 80, ಇಲ್ಲದವರಲ್ಲಿ ಶೇ 37. ಲಕ್ಷಣವನ್ನು ವೈದ್ಯರಿಗೆ ತೋರಿಸಬೇಕೇ ಬೇಡವೇ ಎಂದು ತೀರ್ಮಾನಿಸುವುದು ಕಷ್ಟ ಎಂದು ಆಟಿಸಂ ಇರುವವರಲ್ಲಿ ಶೇ 72 ಮಂದಿ ಹೇಳಿದರು. ಫೋನಿನಲ್ಲಿ ಸಮಯ ಪಡೆಯುವುದು ಶೇ 62 ಮಂದಿಗೆ, ಕಾಯುವ ಕೋಣೆಯ ವಾತಾವರಣ ಶೇ 51 ಮಂದಿಗೆ ಅಡ್ಡಿಯಾಗಿತ್ತು. ಈ ಅಡ್ಡಿಗಳಲ್ಲಿ ಹಲವು ಕಾಯಿಲೆಯವಲ್ಲ, ವ್ಯವಸ್ಥೆಯವು. ಆದ್ದರಿಂದ ಇವನ್ನು ಸರಿಪಡಿಸಬಹುದು, ಬಹುಪಾಲು ಖರ್ಚಿಲ್ಲದೆ.

ಅನುಭವವೇ ಸಂಶೋಧನೆಯ ಒಳಗೆ ಬಂದಾಗ

ಆಟಿಸಂ, ಎಡಿಎಚ್‌ಡಿ (ಗಮನದ ಕೊರತೆ, ಅತಿ ಚಟುವಟಿಕೆ), ಡಿಸ್ಲೆಕ್ಸಿಯಾ (ಓದು ಬರಹದ ತೊಡಕು) ಮುಂತಾದವುಗಳಿರುವವರ ಮಿದುಳು ಬೆಳೆಯುವ, ಕೆಲಸ ಮಾಡುವ ರೀತಿಯೇ ಬಹುಜನರಿಗಿಂತ ಬೇರೆ. ಇದಕ್ಕೆ ನರವೈವಿಧ್ಯ ಎನ್ನುತ್ತಾರೆ. ಈ ಭಿನ್ನತೆಯನ್ನು ಔಷಧಿ ಕೊಟ್ಟು ಅಳಿಸಲಾಗದು. ಆದರೆ ಅದರ ಜೊತೆಗೆ ಬರುವ ತೊಂದರೆಗಳಿಗೆ ಚಿಕಿತ್ಸೆ ಉಂಟು. ಆಟಿಸಂ ಇರುವವರಲ್ಲಿ ಮೂರ್ಛೆರೋಗ, ನಿದ್ದೆಯ ತೊಂದರೆ, ಮಲಬದ್ಧತೆಯಂಥ ಹೊಟ್ಟೆಯ ಸಮಸ್ಯೆ, ಆತಂಕ ಇವೆಲ್ಲ ಉಳಿದವರಿಗಿಂತ ಹೆಚ್ಚು. ಅಂದರೆ, ವೈದ್ಯರ ನೆರವು ಹೆಚ್ಚು ಬೇಕಾದವರಿಗೇ ಅದು ಕಡಿಮೆ ದಕ್ಕುತ್ತಿದೆ.

ಬಹುಕಾಲ ಸಂಶೋಧಕರು ಇವರನ್ನು ಹೊರಗಿನಿಂದ ನೋಡಿ ಬರೆದರು. ಅಮೆರಿಕದಲ್ಲಿ 2006ರಲ್ಲಿ ಶುರುವಾದ ‘ಆಸ್ಪೈರ್’ ತಂಡ ಬೇರೆ ದಾರಿ ಹಿಡಿಯಿತು. ವೈದ್ಯೆ ಕ್ರಿಸ್ಟಿನಾ ನಿಕೊಲೈಡಿಸ್ ಮತ್ತು ಸ್ವತಃ ಆಟಿಸಂ ಇರುವ ಸಂಶೋಧಕರಾದ ಡೋರಾ ರೇಮೇಕರ್ ಕಟ್ಟಿದ ಈ ತಂಡದಲ್ಲಿ ಯಾವ ಪ್ರಶ್ನೆ ಕೇಳಬೇಕು, ಹೇಗೆ ಕೇಳಬೇಕು, ಬಂದ ಉತ್ತರವನ್ನು ಹೇಗೆ ಓದಬೇಕು ಎಂಬುದರಲ್ಲೆಲ್ಲ ಆಟಿಸಂ ಇರುವವರಿಗೆ ಸರಿಸಮ ಪಾಲು. ಸಮೀಕ್ಷೆಯ ಪ್ರಶ್ನೆಗಳು ಎರಡರ್ಥ ಕೊಡುವಂತಿದ್ದರೆ ಅವರು ತಿದ್ದಿಸಿದರು. ಅಸ್ಪಷ್ಟ ಪದಗಳಿಗೆ ವಿವರಣೆ ಸೇರಿಸಿದರು. ಇಲ್ಲದಿದ್ದರೆ ತಪ್ಪು ಪ್ರಶ್ನೆಗೆ ಸಿಕ್ಕ ತಪ್ಪು ಉತ್ತರವೇ ವಿಜ್ಞಾನ ಎನಿಸಿಕೊಳ್ಳುತ್ತಿತ್ತು.

ಈ ತಂಡ ರೂಪಿಸಿದ ಒಂದು ಸಾಧನ ಬಹಳ ಸರಳ. ರೋಗಿ ಅಥವಾ ಅವರನ್ನು ನೋಡಿಕೊಳ್ಳುವವರು ಪ್ರಶ್ನೆಗಳಿಗೆ ಉತ್ತರ ತುಂಬಿದರೆ, ಆ ವ್ಯಕ್ತಿಗೆ ಏನೇನು ಅನುಕೂಲ ಬೇಕು ಎಂದು ವೈದ್ಯರಿಗೆ ತಿಳಿಸುವ ಪತ್ರ ತಯಾರಾಗುತ್ತದೆ. 2016ರಲ್ಲಿ ಪ್ರಕಟವಾದ ಮೌಲ್ಯಮಾಪನದ ಪ್ರಕಾರ, ಇದನ್ನು ಬಳಸಿದವರಿಗೆ ಅಡ್ಡಿಗಳು ಕಡಿಮೆಯಾದವು, ವೈದ್ಯರೊಂದಿಗಿನ ಮಾತುಕತೆಯ ಬಗ್ಗೆ ಸಮಾಧಾನ ಹೆಚ್ಚಿತು, ತಮ್ಮ ಆರೋಗ್ಯವನ್ನು ತಾವೇ ನಿಭಾಯಿಸಬಲ್ಲೆವೆಂಬ ಧೈರ್ಯ ಬಂತು. ಇಂಥ ಪತ್ರವನ್ನು ಕನ್ನಡದಲ್ಲಿ ನಾವೇ ಬರೆದುಕೊಳ್ಳಬಹುದು.

ತೊಡಕು ಎಲ್ಲಿ, ಏಕೆ

*ನೋವು ತಿಳಿಯುವಲ್ಲಿ.* ಹಸಿವು, ಬಾಯಾರಿಕೆ, ಮೂತ್ರದ ಒತ್ತಡ, ನೋವು ಇಂಥ ಒಳಗಿನ ಸೂಚನೆಗಳು ಕೆಲವರಿಗೆ ಮಂದವಾಗಿ, ಕೆಲವರಿಗೆ ವಿಪರೀತವಾಗಿ ತಟ್ಟುತ್ತವೆ. ತಮ್ಮ ಭಾವನೆಯನ್ನು ಗುರುತಿಸಿ ಹೆಸರಿಸಲು ಕಷ್ಟಪಡುವವರು ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟಿದ್ದಾರೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2019ರ ವಿಶ್ಲೇಷಣೆ ಹೇಳುತ್ತದೆ. ‘ನೋವು ಎಷ್ಟಿದೆ, ಒಂದರಿಂದ ಹತ್ತರೊಳಗೆ ಹೇಳಿ’ ಎಂಬ ಪ್ರಶ್ನೆ ಇವರಲ್ಲಿ ಹಲವರಿಗೆ ಉಪಯೋಗಕ್ಕೆ ಬಾರದು. ‘ಉರಿಯೇ, ಚುಚ್ಚುತ್ತದೆಯೇ, ಹಿಂಡುತ್ತದೆಯೇ, ಜೋಮು ಹಿಡಿಯುತ್ತದೆಯೇ?’ ಎಂದು ಆಯ್ಕೆ ಕೊಡಿ. ‘ಹೋದ ವಾರ ಮಾಡುತ್ತಿದ್ದ ಯಾವ ಕೆಲಸ ಈಗ ಆಗುತ್ತಿಲ್ಲ?’ ಎಂದು ಕೇಳಿ. ದೇಹದ ಚಿತ್ರ ಬರೆದು ಬೆರಳಿಟ್ಟು ತೋರಿಸಲು ಹೇಳಿ.

*ಮಾತಿಲ್ಲದವರಲ್ಲಿ.* ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳುವುದು, ಊಟ ಬಿಡುವುದು, ರಾತ್ರಿ ಎದ್ದು ಕೂಗುವುದು ಶುರುವಾದರೆ ‘ಆಟಿಸಂ ಇರೋದೇ ಹಾಗೆ’ ಎಂದು ಕೈಬಿಡಬಾರದು. ಹಲ್ಲು, ಕಿವಿ, ಗಂಟಲು, ಮಲಬದ್ಧತೆ, ಎದೆಯುರಿ, ಮೂತ್ರದ ಸೋಂಕು, ಮುಟ್ಟಿನ ನೋವು ಇವನ್ನು ಒಂದೊಂದಾಗಿ ಪರೀಕ್ಷಿಸಬೇಕು. ಇಂಥವರಿಗೆ ಹೊಸ ವರ್ತನೆಯೇ ಲಕ್ಷಣದ ವಿವರಣೆ.

*ಕಾಯುವಲ್ಲಿ.* ಸದ್ದು, ಬೆಳಕು, ನೂಕುನುಗ್ಗಲು ಒಟ್ಟಿಗೆ ಎರಗಿದಾಗ ಮಿದುಳು ಅದನ್ನೆಲ್ಲ ನಿಭಾಯಿಸುವುದರಲ್ಲೇ ದಣಿಯುತ್ತದೆ. ಸರದಿ ಬರುವ ಹೊತ್ತಿಗೆ ಮಾತೇ ಹೊರಡದಿರಬಹುದು. ದಿನದ ಮೊದಲ ಅಥವಾ ಕೊನೆಯ ಸರದಿ ಕೇಳಿ. ಟೋಕನ್ ಪಡೆದು ಹೊರಗೆ ಮರದಡಿಯಲ್ಲೋ ಗಾಡಿಯಲ್ಲೋ ಕಾಯುತ್ತೇವೆ, ಸರದಿ ಬಂದಾಗ ಫೋನ್ ಮಾಡಿ ಎಂದು ಹೇಳಿ. ಇಯರ್‌ಫೋನ್, ಟೋಪಿ, ಕೈಯಲ್ಲಿ ಹಿಡಿಯಲು ಇಷ್ಟದ ವಸ್ತು ಜೊತೆಗಿರಲಿ.

*ಮನೆಗೆ ಬಂದ ಮೇಲೆ.* ಎಡಿಎಚ್‌ಡಿ ಇರುವವರು ಮಾತ್ರೆಯ ಹೊತ್ತು ಮರೆಯುವುದು ಬೇಜವಾಬ್ದಾರಿಯಿಂದಲ್ಲ. ಕಾಲದ ಅಂದಾಜು ಮತ್ತು ಕೆಲಸವನ್ನು ನೆನಪಿಟ್ಟು ಶುರುಮಾಡುವ ಶಕ್ತಿ ಅವರಲ್ಲಿ ಬೇರೆ ರೀತಿ ಕೆಲಸ ಮಾಡುತ್ತವೆ. ವಾರದ ಮಾತ್ರೆ ಡಬ್ಬಿ, ಮೊಬೈಲ್ ಅಲಾರಂ, ಕಾಫಿ ಕುಡಿಯುವ ಜಾಗದಲ್ಲೇ ಮಾತ್ರೆ ಇಡುವುದು ಇವು ಬೈಗುಳಕ್ಕಿಂತ ಚೆನ್ನಾಗಿ ಫಲ ಕೊಡುತ್ತವೆ. ಡಿಸ್ಲೆಕ್ಸಿಯಾ ಇರುವವರಿಗೆ ವೈದ್ಯರ ಕೈಬರಹ ಬಿಡಿಸಿ ಓದುವುದು ಇನ್ನಷ್ಟು ಕಷ್ಟ. ಮಾತ್ರೆಯ ಪಟ್ಟಿಯ ಮೇಲೆ ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರನ ಗುರುತು ಹಾಕಿಕೊಡಲು ಮೆಡಿಕಲ್ ಶಾಪಿನಲ್ಲಿ ಕೇಳಿ.

ಒಂದು ಹಾಳೆ ಬರೆಯುವ ಬಗೆ

ಮೇಲೆ ಹೇಳಿದಂಥ ಪತ್ರವನ್ನು ಆರೋಗ್ಯ ಚೆನ್ನಾಗಿರುವ ದಿನ ಕೂತು ಬರೆಯಿರಿ. ಒಂದೇ ಪುಟ, ದೊಡ್ಡ ಅಕ್ಷರ, ಚಿಕ್ಕ ವಾಕ್ಯ. ಇಷ್ಟು ಅಂಶ ಇರಲಿ:

1. ಹೆಸರು, ವಯಸ್ಸು, ಆಟಿಸಂ, ಎಡಿಎಚ್‌ಡಿ ಅಥವಾ ಬೇರೆ ಏನಿದೆ, ಮನೆಯವರ ಫೋನ್ ನಂಬರ್.
2. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ, ಅಲರ್ಜಿ, ಮೂರ್ಛೆ ಬರುವುದುಂಟೇ ಎಂಬ ವಿವರ.
3. ಹೇಗೆ ಸಂವಹನ ಮಾಡುತ್ತೇನೆ: ಮಾತು, ಬರಹ, ಚಿತ್ರ, ಸನ್ನೆ.
4. ನೋವಾದಾಗ ನಾನು ಹೇಗಿರುತ್ತೇನೆ.
5. ಯಾವುದರಿಂದ ಕಿರಿಕಿರಿ, ಯಾವುದರಿಂದ ಸಮಾಧಾನ.
6. ಪರೀಕ್ಷೆ, ಇಂಜೆಕ್ಷನ್ ಹೊತ್ತಿನಲ್ಲಿ ಏನು ಮಾಡಬೇಕು, ಏನು ಮಾಡಬಾರದು.
7. ಇವತ್ತು ಬಂದ ಕಾರಣ ಮತ್ತು ಕೇಳಬೇಕಾದ ಮೂರು ಪ್ರಶ್ನೆ. ಈ ಜಾಗ ಖಾಲಿ ಇರಲಿ, ಪ್ರತಿ ಸಲ ತುಂಬಿಕೊಳ್ಳಿ.

ಭಾಷೆ ಹೀಗಿರಬಹುದು: ‘ನನಗೆ ಆಟಿಸಂ ಇದೆ. ಪ್ರಶ್ನೆ ಕೇಳಿದ ಮೇಲೆ ಉತ್ತರಿಸಲು ಸ್ವಲ್ಪ ಸಮಯ ಬೇಕು. ನಿಮ್ಮ ಮುಖ ನೋಡದಿದ್ದರೂ ನಾನು ಗಮನವಿಟ್ಟು ಕೇಳುತ್ತಿರುತ್ತೇನೆ. ಮುಟ್ಟುವ ಮೊದಲು ಹೇಳಿ. ನೋವು ಜಾಸ್ತಿಯಾದಾಗ ನಾನು ಅಳುವುದಿಲ್ಲ, ಮಾತು ನಿಂತುಹೋಗುತ್ತದೆ. ಮುಂದೆ ಏನು ಮಾಡಬೇಕೆಂದು ಬರೆದುಕೊಡಿ.’

ಬರೆಯುವಾಗ ಯಾರ ಬಗ್ಗೆ ಬರೆಯುತ್ತೀರೋ ಅವರನ್ನೇ ಕೇಳಿ ಬರೆಯಿರಿ. ಮಾತಾಡದ ಮಗ ಅಥವಾ ಮಗಳಾದರೆ ಎರಡೆರಡು ಚಿತ್ರ ತೋರಿಸಿ ಯಾವುದು ಹಿತ, ಯಾವುದು ಬೇಡ ಎಂದು ತಿಳಿದುಕೊಳ್ಳಿ. ಶಾಲೆಯ ಟೀಚರ್, ಅಜ್ಜಿ, ಅಕ್ಕ ಕಂಡದ್ದನ್ನೂ ಸೇರಿಸಿ.

ವೈದ್ಯರು, ಸಿಸ್ಟರ್‌ಗಳು ಮಾಡಬಹುದಾದದ್ದು

ಡಾ. ಡೋಹರ್ಟಿ ಅವರಿಗೂ ಆಟಿಸಂ ಇದೆ. ಆಟಿಸಂ ಇರುವ ವೈದ್ಯರಿಗಾಗಿ ಅವರು 2019ರಲ್ಲಿ ‘ಆಟಿಸ್ಟಿಕ್ ಡಾಕ್ಟರ್ಸ್ ಇಂಟರ್‌ನ್ಯಾಷನಲ್’ ಸಂಘಟನೆ ಕಟ್ಟಿದರು. 2023ರಲ್ಲಿ ಅವರು ಸಂಗಡಿಗರೊಂದಿಗೆ ಆಸ್ಪತ್ರೆಗಳಿಗೆಂದು ಐದು ಅಂಶಗಳ ಮಾರ್ಗಸೂಚಿ ಮುಂದಿಟ್ಟರು: ಇಂದ್ರಿಯಗಳ ಅಗತ್ಯ, ಮುಂದೇನು ಎಂಬ ಸ್ಪಷ್ಟತೆ, ಒಪ್ಪಿಕೊಳ್ಳುವಿಕೆ, ಸಂವಹನ, ಸಹಾನುಭೂತಿ. ತಾಲ್ಲೂಕು ಆಸ್ಪತ್ರೆಯಲ್ಲೂ ಇದನ್ನು ಪಾಲಿಸಬಹುದು. ಒಂದು ಲೈಟು, ಟಿ.ವಿ. ಆರಿಸಬಹುದು. ‘ಮೊದಲು ಬಿಪಿ ನೋಡ್ತೀನಿ, ಆಮೇಲೆ ಹೊಟ್ಟೆ ಮುಟ್ತೀನಿ, ಅಷ್ಟೇ’ ಎಂದು ಕ್ರಮ ಹೇಳಬಹುದು. ‘ನೋವೇ ಆಗಲ್ಲ’ ಎಂಬ ಸುಳ್ಳು ಬೇಡ. ಒಮ್ಮೆ ನಂಬಿಕೆ ಹೋದರೆ ಮುಂದಿನ ಸಲ ಆ ಮಗು ಬಾಗಿಲೊಳಗೇ ಬರುವುದಿಲ್ಲ. ರಕ್ತ ತೆಗೆಯುವ ಜಾಗಕ್ಕೆ ಮರಗಟ್ಟಿಸುವ ಕ್ರೀಮನ್ನು ಸುಮಾರು ಒಂದು ಗಂಟೆ ಮೊದಲೇ ಹಚ್ಚಬೇಕಾಗುವುದರಿಂದ ಅದನ್ನು ಮುಂಚೆಯೇ ಯೋಜಿಸಬೇಕು. ಕೈಕಾಲು ಒತ್ತಿ ಹಿಡಿಯುವ ಬದಲು, ತುರ್ತಿಲ್ಲದಿದ್ದರೆ ಇನ್ನೊಂದು ದಿನಕ್ಕೆ ಮುಂದೂಡುವುದು ಒಳ್ಳೆಯದು. ಮಾತನ್ನು ಜೊತೆಗೆ ಬಂದವರ ಜೊತೆ ಮಾತ್ರ ಆಡದೆ ರೋಗಿಯ ಜೊತೆಗೂ ಆಡಬೇಕು.

ಸೋಮಾರಿತನವಲ್ಲ, ಬಳಲಿಕೆ

ಎಲ್ಲರಂತೆ ಕಾಣಲು ದಿನವಿಡೀ ತಮ್ಮ ಸಹಜ ಚಲನೆಗಳನ್ನು ಅದುಮಿಟ್ಟು, ನಗು, ನೋಟ, ಮಾತನ್ನು ಅಳೆದು ತೂಗಿ ಬದುಕುವವರಿದ್ದಾರೆ. ಇದರ ಬೆಲೆ ದೊಡ್ಡದು. 2020ರಲ್ಲಿ ರೇಮೇಕರ್ ಮತ್ತು ಸಂಗಡಿಗರು ಆಟಿಸಂ ಇರುವವರ ಮಾತುಗಳಿಂದಲೇ ‘ಆಟಿಸ್ಟಿಕ್ ಬರ್ನ್‌ಔಟ್’ ಸ್ಥಿತಿಯನ್ನು ವಿವರಿಸಿದರು. ಸಾಮಾನ್ಯವಾಗಿ ಮೂರು ತಿಂಗಳಿಗೂ ಮೀರಿ ಉಳಿಯುವ ತೀವ್ರ ಬಳಲಿಕೆ, ಬರುತ್ತಿದ್ದ ಕೆಲಸವೂ ಬಾರದಾಗುವುದು, ಸದ್ದು ಬೆಳಕುಗಳನ್ನು ತಡೆದುಕೊಳ್ಳುವ ಶಕ್ತಿ ಕುಗ್ಗುವುದು ಇದರ ಗುರುತುಗಳು. ಇವರಿಗೆ ‘ನಾಲ್ಕು ಜನರ ಜೊತೆ ಬೆರೆ’ ಎಂಬ ಬುದ್ಧಿವಾದ ಭಾರ ಹೆಚ್ಚಿಸಬಹುದು. ಹೊರೆ ಇಳಿಸುವುದು, ಒಂಟಿಯಾಗಿರಲು ಹೊತ್ತು ಕೊಡುವುದು, ಇದ್ದ ಹಾಗೆ ಇರಲು ಬಿಡುವುದು, ಒಪ್ಪಿಕೊಳ್ಳುವ ಜನರ ಒಡನಾಟ ಇವು ನೆರವಾದವೆಂದು ಅನುಭವಿಸಿದವರು ಹೇಳಿದ್ದಾರೆ. ಇದರ ಜೊತೆಗೆ ಖಿನ್ನತೆಯೂ ಇರಬಹುದು. ಸಾಯುವ ಯೋಚನೆ ಬಂದರೆ ಕಾಯಬೇಡಿ. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.

ಕಾನೂನು ನಿಮ್ಮ ಜೊತೆಗಿದೆ

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಮತ್ತು ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆಗಳು ಸೇರಿವೆ. ಎಡಿಎಚ್‌ಡಿ ಪ್ರತ್ಯೇಕವಾಗಿ ಸೇರಿಲ್ಲ. ಇದೇ ಕಾಯ್ದೆಯ 25ನೇ ಸೆಕ್ಷನ್ ಆಸ್ಪತ್ರೆಯಲ್ಲಿ ಅಂಗವಿಕಲರನ್ನು ನೋಡುವಾಗ, ಚಿಕಿತ್ಸೆ ಕೊಡುವಾಗ ಆದ್ಯತೆ ಇರಬೇಕು ಎನ್ನುತ್ತದೆ. ಸರದಿಯಲ್ಲಿ ಮೊದಲು ಬಿಡಿ ಎಂದು ಕೇಳಲು ಇದೇ ಆಧಾರ, ಸಂಕೋಚ ಬೇಡ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ. ಆಟಿಸಂ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ನೆರವಿದೆ. ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇವೆ.

ಇಲ್ಲಿ ಹೇಳಿದ ಸಂಶೋಧನೆಯ ಬಹುಪಾಲು ಇಂಗ್ಲಿಷ್ ಬಲ್ಲ, ಸಮೀಕ್ಷೆ ತುಂಬಬಲ್ಲ ವಯಸ್ಕರಿಂದ ಬಂದದ್ದು. ರಾಯಚೂರಿನ ಹಳ್ಳಿಯ ಮಾತಾಡದ ಯುವತಿಗೆ, ಕೂಲಿ ಬಿಟ್ಟು ಮಗನನ್ನು ಹೊತ್ತು ಬರುವ ತಾಯಿಗೆ ಏನು ಬೇಕೆಂದು ಅವರನ್ನೇ ಕೇಳಿ ತಿಳಿಯಬೇಕು. ಕನ್ನಡದಲ್ಲಿ ಅದಕ್ಕೆ ಚಾಲನೆ ಕೊಡುವುದು ದೊಡ್ಡ ಮಾತೇನಲ್ಲ. ಪೋಷಕರ ಗುಂಪುಗಳು ತಮ್ಮ ಹಾಳೆಗಳನ್ನು ಒಟ್ಟಿಗೆ ಕೂತು ಓದಿ, ಎಲ್ಲರೂ ಬರೆದಿರುವ ಅಡ್ಡಿ ಯಾವುದೆಂದು ಗುರುತಿಸಿ, ಅದೊಂದನ್ನು ತಮ್ಮ ಊರಿನ ಆಸ್ಪತ್ರೆಯ ಆಡಳಿತಾಧಿಕಾರಿಯ ಮುಂದಿಡಲಿ. ಮೊದಲ ಸಭೆಗೆ ಆಟಿಸಂ, ಎಡಿಎಚ್‌ಡಿ ಇರುವವರನ್ನೂ ಕರೆಯಲಿ. ಅವರಿಗೆ ಅನುಕೂಲವಾದ ಹೊತ್ತು, ಜಾಗ ಯಾವುದೆಂದು ಕೇಳಿಯೇ ಸಭೆ ಗೊತ್ತುಮಾಡಲಿ.