ಕಾರಿನ ಬಣ್ಣದ ಮೇಲಿನ ಸುಳಿಗೀರು: ತೆಗೆಯುವ ಬಗೆ, ಬಾರದಂತೆ ನೋಡಿಕೊಳ್ಳುವ ಬಗೆ

ಕಪ್ಪು ಕಾರನ್ನು ತೊಳೆದು ಬಿಸಿಲಿಗೆ ನಿಲ್ಲಿಸಿ, ಬಾನೆಟ್ಟಿನಲ್ಲಿ ಸೂರ್ಯ ಕಾಣುವ ಜಾಗವನ್ನು ನೋಡಿ. ಆ ಬೆಳಕಿನ ಚುಕ್ಕೆಯ ಸುತ್ತ ಜೇಡರ ಬಲೆ ಕಟ್ಟಿದ ಹಾಗೆ ನವಿರಾದ ಗೆರೆಗಳು ಸುತ್ತುಸುತ್ತಾಗಿ ಹರಡಿಕೊಂಡಿರುತ್ತವೆ. ಡೀಟೇಲಿಂಗ್ ಅಂಗಡಿಯವರು ಸ್ವರ್ಲ್ ಮಾರ್ಕ್ ಎನ್ನುವುದು ಇದಕ್ಕೇ. ಈಗ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಬಲೆಯೂ ನಿಮ್ಮ ಜೊತೆಗೇ ಸರಿಯುತ್ತದೆ.

ಗೀರುಗಳು ನಿಜವಾಗಿಯೂ ದುಂಡಗಿದ್ದರೆ ಅವು ಇದ್ದಲ್ಲೇ ಇರಬೇಕಿತ್ತು. ಬಣ್ಣದ ಮೇಲೆ ಗೀರುಗಳು ಎಲ್ಲ ದಿಕ್ಕಿಗೂ ಬಿದ್ದಿರುತ್ತವೆ, ಬಹುಪಾಲು ನೇರವಾಗಿಯೇ ಇರುತ್ತವೆ. ಪ್ರತಿ ಗೀರಿಗೂ ಎರಡು ಇಳಿಜಾರಿನ ಅಂಚುಗಳುಂಟು. ಬೆಳಕು ಬರುವ ದಾರಿಗೆ ಅಡ್ಡಲಾಗಿ ಬಿದ್ದ ಗೀರಿನ ಅಂಚು ಮಾತ್ರ ಆ ಬೆಳಕನ್ನು ನಮ್ಮ ಕಣ್ಣಿಗೆ ತಲುಪಿಸುತ್ತದೆ. ಉಳಿದವು ಅಲ್ಲಿದ್ದೂ ಕಾಣುವುದಿಲ್ಲ. ಹೀಗೆ ಚುಕ್ಕೆಯ ಸುತ್ತಲೂ ಅಡ್ಡ ಗೀರುಗಳಷ್ಟೇ ಬೆಳಗಿದಾಗ ಕಣ್ಣಿಗೆ ಅದು ಸುಳಿಯಾಗಿ ತೋರುತ್ತದೆ. ಆದ್ದರಿಂದ ಸುತ್ತುಸುತ್ತಾಗಿ ಒರೆಸಿದ್ದೇ ತಪ್ಪು, ನೇರವಾಗಿ ಒರೆಸಿದ್ದರೆ ಏನೂ ಆಗುತ್ತಿರಲಿಲ್ಲ ಎನ್ನುವ ಮಾತು ಅರ್ಧ ಸತ್ಯ. ನೇರ ಗೀರು ಕೆಲವೇ ಕೋನಗಳಿಂದ ಕಂಡೀತು ಎಂಬುದೊಂದೇ ಲಾಭ. ಗೀರು ಹಾಕುವುದು ಕೈಯ ದಿಕ್ಕಲ್ಲ, ಬಟ್ಟೆಗೂ ಬಣ್ಣಕ್ಕೂ ನಡುವೆ ಸಿಕ್ಕಿಕೊಂಡ ಧೂಳಿನ ಕಣ.

ಆ ಕಣ ಗೀಚುವುದು ಯಾವುದನ್ನು? ಕಾರಿನ ಉಕ್ಕಿನ ಹಾಳೆಯ ಮೇಲೆ ಮೊದಲು ವಿದ್ಯುತ್ತಿನ ನೆರವಿನಿಂದ ಕೂರಿಸಿದ ತುಕ್ಕುನಿರೋಧಕ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಪಾರದರ್ಶಕ ಕ್ಲಿಯರ್‌ಕೋಟ್ ಇರುತ್ತದೆ. ಕಾರ್ಖಾನೆಯಿಂದ ಬಂದ ಕಾರಿನಲ್ಲಿ ಇವೆಲ್ಲ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ ದಪ್ಪ. ಅದರಲ್ಲಿ ಕ್ಲಿಯರ್‌ಕೋಟಿನ ಪಾಲು 35ರಿಂದ 50 ಮೈಕ್ರಾನ್. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ಇರುತ್ತದೆ. ಕೂದಲಿಗಿಂತ ತೆಳುವಾದ ಈ ಪದರವೇ ಬಣ್ಣಕ್ಕೆ ಹೊಳಪು ಕೊಡುತ್ತದೆ, ಬಿಸಿಲಿನ ನೇರಳಾತೀತ ಕಿರಣವನ್ನು ತಡೆಯುತ್ತದೆ. ಹಳೆಯ ಕಾರುಗಳ ಮಾಡಿನ ಮೇಲೆ ಬಿಳಿಚಿಕೊಂಡು ಸಿಪ್ಪೆ ಎದ್ದ ಜಾಗಗಳನ್ನು ನೋಡಿರುತ್ತೀರಿ. ಅದು ಈ ಪದರ ಸತ್ತ ಗುರುತು. ಅಲ್ಲಿಗೆ ಯಾವ ಪಾಲಿಶ್ ಹಚ್ಚಿದರೂ ಪ್ರಯೋಜನವಿಲ್ಲ, ಹೊಸದಾಗಿ ಬಣ್ಣ ಹೊಡೆಸಬೇಕು.

ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇಷ್ಟು: ಗೀರು ತೆಗೆಯುವುದೆಂದರೆ ಕ್ಲಿಯರ್‌ಕೋಟನ್ನು ಸವೆಸುವುದು. ಗೀರಿನ ಗುಣಿಯನ್ನು ಯಾರೂ ತುಂಬುವುದಿಲ್ಲ; ಸುತ್ತಲಿನ ಮಟ್ಟವನ್ನೇ ಗುಣಿಯ ತಳದವರೆಗೆ ಇಳಿಸುತ್ತಾರೆ. ಹದವಾದ ಒಂದು ಸುತ್ತಿನ ಪಾಲಿಶ್‌ಗೆ ಒಂದೆರಡು ಮೈಕ್ರಾನ್ ಹೋಗಬಹುದು, ಒರಟು ಕಾಂಪೌಂಡ್ ಹಾಕಿದರೆ ಅದಕ್ಕಿಂತ ಹೆಚ್ಚು. ಕಾರಿನ ಇಡೀ ಆಯುಷ್ಯದಲ್ಲಿ ಒಟ್ಟು ಸವೆತ ಸುಮಾರು 8 ಮೈಕ್ರಾನ್ ಮೀರದಿರಲಿ ಎಂಬುದು ಅನುಭವಸ್ಥರು ಇಟ್ಟುಕೊಳ್ಳುವ ಎಚ್ಚರಿಕೆಯ ಗಡಿ. ವರ್ಷಕ್ಕೊಮ್ಮೆ ಸರ್ವಿಸ್ ಜೊತೆಗೆ ರಬ್ಬಿಂಗ್ ಪಾಲಿಶ್ ಮಾಡಿಸುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಹಾಗಾದರೆ ಗೀರು ಬೀಳುವ ಜಾಗಕ್ಕೇ ಮೊದಲು ಹೋಗೋಣ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಬೆಳಗಿನ ಜಾವ ಒಬ್ಬರೇ ಹತ್ತಾರು ಕಾರು ಒರೆಸುತ್ತಾರೆ. ಅದೇ ಬಕೆಟ್ಟು, ಅದೇ ಬಟ್ಟೆ, ನೀರು ಕಂದು ಬಣ್ಣಕ್ಕೆ ತಿರುಗಿದರೂ ಕೆಲಸ ನಡೆದಿರುತ್ತದೆ. ತಿಂಗಳಿಗೆ ಸಿಗುವ ಹಣಕ್ಕೆ ಅವರು ಅದಕ್ಕಿಂತ ಹೆಚ್ಚಿನದನ್ನು ಮಾಡಲಾರರು, ಅದು ಅವರ ತಪ್ಪೂ ಅಲ್ಲ. ಆದರೆ ನಮ್ಮ ನೆಲದ ಧೂಳು ಸಾಧಾರಣದ್ದಲ್ಲ. ದಕ್ಷಿಣ ಕರ್ನಾಟಕದ ಬುನಾದಿ ಗ್ರಾನೈಟ್ ಮತ್ತು ನೈಸ್ ಶಿಲೆ. ಕೆಂಪು ಮಣ್ಣಿನಲ್ಲೂ, ಕಟ್ಟಡಗಳ ಎಂ-ಸ್ಯಾಂಡಿನಲ್ಲೂ ಇರುವುದು ಅದರದೇ ಪುಡಿ. ಅದರಲ್ಲಿರುವ ಬೆಣಚುಕಲ್ಲಿನ ಕಣದ ಗಡಸುತನ ಮೋಸ್ ಅಳತೆಯಲ್ಲಿ 7. ಉಕ್ಕಿನ ಚಾಕುವಿನ ಅಲಗೇ ಅದಕ್ಕಿಂತ ಮೆದು. ಪ್ಲಾಸ್ಟಿಕ್ ಜಾತಿಯ ಕ್ಲಿಯರ್‌ಕೋಟ್ ಅದರ ಮುಂದೆ ತಾಳಲಾರದು. ಒಣ ಕಾರಿನ ಮೇಲೆ ಡಸ್ಟರ್ ಆಡಿಸುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಧೂಳು ಕೂತಿದ್ದರೆ ಕೂತಿರಲಿ. ಕೂತ ಧೂಳು ಗೀಚುವುದಿಲ್ಲ, ಎಳೆದ ಧೂಳು ಗೀಚುತ್ತದೆ.

ಸರಿಯಾದ ತೊಳೆತಕ್ಕೆ ಎರಡು ಬಕೆಟ್ ಸಾಕು. ಮೊದಲು ಬರೀ ನೀರಿನಿಂದ, ಸಾಧ್ಯವಿದ್ದರೆ ನೊರೆ ಸಿಂಪಡಿಸಿ, ಮುಟ್ಟದೆಯೇ ಎಷ್ಟು ಕೊಳೆ ಇಳಿಯುತ್ತದೋ ಅಷ್ಟನ್ನೂ ಇಳಿಸಬೇಕು. ಆಮೇಲೆ ಒಂದು ಬಕೆಟ್ಟಿನಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಕೈಗವಸನ್ನು ಶಾಂಪೂವಿನಲ್ಲಿ ಅದ್ದಿ ಮೇಲಿಂದ ಕೆಳಕ್ಕೆ ಒಂದು ಭಾಗ ತೊಳೆದು, ಬರೀ ನೀರಿನಲ್ಲಿ ಜಾಲಾಡಿಸಿ, ಮತ್ತೆ ಶಾಂಪೂವಿಗೆ ಬರಬೇಕು. ಚಕ್ರಗಳಿಗೆ ಬೇರೆಯೇ ಬಟ್ಟೆ. ನೀರಿನ ಅಭಾವವಿರುವಲ್ಲಿ ರಿನ್ಸ್‌ಲೆಸ್ ದ್ರಾವಣಗಳು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ಬೆಂಗಳೂರು ಜಲಮಂಡಳಿ 2024ರ ಮಾರ್ಚಿನಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಆದೇಶಿಸಿದಾಗ ಇವುಗಳ ಬೆಲೆ ಹಲವರಿಗೆ ತಿಳಿಯಿತು. ಒಂದು ಬಕೆಟ್ ನೀರಿಗೆ ಸ್ವಲ್ಪ ಬೆರೆಸಿದರೆ ಅದರಲ್ಲಿನ ಪಾಲಿಮರ್‌ಗಳು ಕೊಳೆಯ ಕಣವನ್ನು ಆವರಿಸಿ ಜಾರುವಂತೆ ಮಾಡುತ್ತವೆ. ಕೊನೆಗೆ ನೀರು ಹೊಯ್ದು ತೊಳೆಯಬೇಕಿಲ್ಲ. ಆದರೆ ಕೆಸರು ಮೆತ್ತಿದ ಕಾರಿಗೆ ಇದು ಸಲ್ಲದು. ಬೋರ್‌ವೆಲ್ ನೀರಿನಲ್ಲಿ ತೊಳೆಯುವವರು ಕಾರನ್ನು ತಾನಾಗಿ ಒಣಗಲು ಬಿಡಬಾರದು. ಸುಣ್ಣದಂಶ ಬಿಳಿ ಕಲೆಯಾಗಿ ಕೂರುತ್ತದೆ. ಹೊಸ ಕಲೆಯಾದರೆ ನೀರು ಬೆರೆಸಿದ ವಿನೆಗರ್‌ನಿಂದ ಹೋದೀತು, ಹಳೆಯದಾದರೆ ಬಣ್ಣವನ್ನೇ ಕೊರೆದಿರುತ್ತದೆ.

ತೊಳೆದ ಮೇಲೂ ಬಣ್ಣ ಶುದ್ಧವಾಗಿರುವುದಿಲ್ಲ. ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಮೇಲೆ ಹಗುರವಾಗಿ ಸವರಿ ನೋಡಿ. ಬರಿಗೈಗೆ ತಿಳಿಯದ ತರಿತರಿ ಆಗ ಸ್ಪಷ್ಟವಾಗಿ ತಿಳಿಯುತ್ತದೆ. ಬ್ರೇಕಿನಿಂದ ಹಾರಿದ ಕಬ್ಬಿಣದ ಪುಡಿ, ಡಾಂಬರಿನ ಚುಕ್ಕೆ, ಮರದ ಅಂಟು ಎಲ್ಲ ಅಲ್ಲಿ ಕಚ್ಚಿಕೊಂಡಿರುತ್ತವೆ. ಕಬ್ಬಿಣದ ಕಣಕ್ಕೆ ಸಿಂಪಡಿಸುವ ದ್ರಾವಣ ನೇರಳೆ ಬಣ್ಣಕ್ಕೆ ತಿರುಗಿ ಇಳಿದುಹೋಗುತ್ತದೆ. ಉಳಿದದ್ದಕ್ಕೆ ಕ್ಲೇ ಬಾರ್ ಎಂಬ ಮೆತ್ತನೆಯ ಮುದ್ದೆ. ಶಾಂಪೂ ನೀರು ಚೆನ್ನಾಗಿ ಸಿಂಪಡಿಸಿ ಅದನ್ನು ಒತ್ತದೆ ಜಾರಿಸಬೇಕು. ನೆಲಕ್ಕೆ ಬಿದ್ದರೆ ಆ ಮುದ್ದೆಯನ್ನು ಎಸೆದುಬಿಡಬೇಕು. ಈ ಹಂತವನ್ನು ಬಿಟ್ಟು ನೇರ ಪಾಲಿಶ್ ಮೆಶಿನ್ ಹಿಡಿದರೆ ಆ ಕಣಗಳೇ ಪ್ಯಾಡಿಗೆ ಸಿಕ್ಕಿ ಹೊಸ ಗೀರು ಹಾಕುತ್ತವೆ.

ಮುಂದಿನದು ತೀರ್ಮಾನದ ಹಂತ. ಉಗುರನ್ನು ಗೀರಿಗೆ ಅಡ್ಡಲಾಗಿ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಆ ಗೀರನ್ನು ಪೂರ್ತಿ ತೆಗೆಯಲು ಹೋಗಬೇಡಿ. ಅಂಚು ನಯವಾದರೆ ಕಣ್ಣಿಗೆ ಹೊಡೆಯುವುದು ನಿಲ್ಲುತ್ತದೆ, ಅಷ್ಟಕ್ಕೆ ತೃಪ್ತಿಪಡುವುದೇ ಜಾಣತನ. ಬಣ್ಣದ ದಪ್ಪ ಅಳೆಯುವ ಗೇಜ್ ಇದ್ದರೆ ಪ್ರತಿ ಭಾಗದಲ್ಲೂ ನಾಲ್ಕಾರು ಕಡೆ ಅಳೆಯಬೇಕು. ಎಲ್ಲ ಕಡೆ 110 ತೋರಿಸಿ ಒಂದು ಬಾಗಿಲು ಮಾತ್ರ 250 ತೋರಿಸಿದರೆ ಆ ಬಾಗಿಲಿಗೆ ಮತ್ತೆ ಬಣ್ಣ ಹೊಡೆದಿದ್ದಾರೆಂದೇ ಅರ್ಥ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೂ ಈ ಅಳತೆ ಉಪಯುಕ್ತ. ಸಾಧಾರಣ ಗೇಜ್ ತೋರಿಸುವುದು ಒಟ್ಟು ದಪ್ಪ ಮಾತ್ರ. ಕ್ಲಿಯರ್‌ಕೋಟ್ ಎಷ್ಟು ಉಳಿದಿದೆ ಎಂದು ಅದು ಹೇಳಲಾರದು, ಪ್ಲಾಸ್ಟಿಕ್ ಬಂಪರಿನ ಮೇಲೆ ಕೆಲಸವನ್ನೂ ಮಾಡದು.

ಮೆಶಿನ್‌ಗಳಲ್ಲಿ ಎರಡು ಬಗೆ. ರೋಟರಿ ಒಂದೇ ಅಕ್ಷದಲ್ಲಿ ಗಿರ್ರೆಂದು ತಿರುಗುತ್ತದೆ. ಕೆಲಸ ಬೇಗ, ಆದರೆ ಬಿಸಿ ಒಂದೇ ಕಡೆ ಏರುತ್ತದೆ, ಕೈ ತಪ್ಪಿದರೆ ಅಂಚಿನಲ್ಲಿ ಬಣ್ಣವೇ ಸುಟ್ಟುಹೋಗುತ್ತದೆ. ಅದರ ಉಣ್ಣೆಯ ಪ್ಯಾಡ್ ಬಿಟ್ಟುಹೋಗುವ ಗರಿಯಂಥ ಮಿಂಚಿನ ಪಟ್ಟೆಗಳಿಗೆ ಹೋಲೋಗ್ರಾಂ ಎನ್ನುತ್ತಾರೆ. ಎಷ್ಟೋ ಕಾರುಗಳಲ್ಲಿ ಸುಳಿಗೀರು ಹೋಗಿ ಹೋಲೋಗ್ರಾಂ ಬಂದಿರುವುದನ್ನು ಬಿಸಿಲಿನಲ್ಲಿ ಕಾಣಬಹುದು. ಡ್ಯುಯಲ್ ಆ್ಯಕ್ಷನ್, ಅಂದರೆ ಡಿಎ ಮೆಶಿನ್ನಿನಲ್ಲಿ ಪ್ಯಾಡ್ ಕೇಂದ್ರ ತಪ್ಪಿಸಿ ಸುತ್ತುತ್ತಲೇ ತಾನೂ ತಿರುಗುತ್ತದೆ. 8, 15, 21 ಮಿಲಿಮೀಟರ್ ಸುತ್ತಿನವು ಸಿಗುತ್ತವೆ. ಇಟಲಿಯ ರೂಪೆಸ್ ಕಂಪನಿಯ 21 ಮಿಲಿಮೀಟರಿನ ಮೆಶಿನ್ ಈ ವಲಯದಲ್ಲಿ ಹೆಸರುವಾಸಿ. ಮನೆಯಲ್ಲಿ ಕಲಿಯುವವರು ಡಿಎ ಬಿಟ್ಟು ಬೇರೆಯದನ್ನು ಮುಟ್ಟದಿರುವುದೇ ಕ್ಷೇಮ. ಜೋರಾಗಿ ಒತ್ತಿದರೆ ಪ್ಯಾಡ್ ತಿರುಗುವುದನ್ನು ನಿಲ್ಲಿಸಿ ಬರೀ ನಡುಗುತ್ತದೆ, ಆಗ ಗೀರು ಕದಲುವುದಿಲ್ಲ. ಪ್ಯಾಡಿನ ಹಿಂಬದಿಯ ತಟ್ಟೆಯ ಮೇಲೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿಟ್ಟುಕೊಂಡರೆ ಅದು ತಿರುಗುತ್ತಿದೆಯೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತದೆ.

ಕೊರೆಯುವುದು ಮೆಶಿನ್ ಅಲ್ಲ, ದ್ರವದಲ್ಲಿರುವ ಅಲ್ಯೂಮಿನಿಯಂ ಆಕ್ಸೈಡಿನ ಸೂಕ್ಷ್ಮ ಕಣ. ಕಾಂಪೌಂಡಿನಲ್ಲಿ ಕಣ ಒರಟು, ಫಿನಿಶಿಂಗ್ ಪಾಲಿಶಿನಲ್ಲಿ ನಯ. ಪ್ಯಾಡಿನಲ್ಲೂ ಉಣ್ಣೆ, ಮೈಕ್ರೋಫೈಬರ್, ಗಟ್ಟಿ ಫೋಮ್, ಮೆದು ಫೋಮ್ ಎಂದು ಇಳಿಯುತ್ತ ಬರುತ್ತದೆ. ಯಾವ ಜೋಡಿ ಬೇಕೆಂಬುದನ್ನು ಡಬ್ಬಿಯ ಮೇಲಿನ ಬರಹ ಹೇಳಲಾರದು, ಆ ಕಾರಿನ ಬಣ್ಣವೇ ಹೇಳಬೇಕು. ಒಂದು ಕಂಪನಿಯ ಕ್ಲಿಯರ್‌ಕೋಟ್ ಗಡಸು, ಇನ್ನೊಂದರದು ಬಟ್ಟೆ ಸೋಕಿದರೆ ಗೀರುವಷ್ಟು ಮೆದು. ಹಾಗಾಗಿ ಬಾನೆಟ್ಟಿನ ಎರಡು ಅಡಿ ಚೌಕದಲ್ಲಿ ಪರೀಕ್ಷೆ ಮಾಡಬೇಕು. ಎಲ್ಲಕ್ಕಿಂತ ಮೆದುವಾದ ಜೋಡಿಯಿಂದಲೇ ಆರಂಭ. ಸಾಲದೆ ಬಂದರೆ ಮಾತ್ರ ಒಂದು ಮೆಟ್ಟಿಲು ಏರಬೇಕು. ಮೆದು ಪ್ಯಾಡಿಗೇ ಗೀರು ಹೋದರೆ ಕಾಂಪೌಂಡ್ ಡಬ್ಬಿ ತೆರೆಯುವ ಅಗತ್ಯವೇ ಇಲ್ಲ. ಹಳೆಯ ಕಾರುಗಳಲ್ಲಿ ಕ್ಲಿಯರ್‌ಕೋಟ್ ಇಲ್ಲದ ಬಣ್ಣವೂ ಉಂಟು; ಪ್ಯಾಡಿಗೆ ಕಾರಿನ ಬಣ್ಣವೇ ಹತ್ತಿದರೆ ಅದು ಅಂಥದ್ದೆಂದು ತಿಳಿದು ಇನ್ನಷ್ಟು ಹಗುರವಾಗಿ ಹೋಗಬೇಕು.

ಕೆಲಸ ನಡೆಯಬೇಕಾದದ್ದು ನೆರಳಿನಲ್ಲಿ, ತಣ್ಣಗಿರುವ ಬಣ್ಣದ ಮೇಲೆ. ರಬ್ಬರ್ ಬೀಡಿಂಗ್, ಚೂಪಾದ ಅಂಚುಗಳಿಗೆಲ್ಲ ಮಾಸ್ಕಿಂಗ್ ಟೇಪ್ ಅಂಟಿಸಿ. ಅಂಚಿನಲ್ಲಿ ಬಣ್ಣ ತೆಳುವಾಗಿರುತ್ತದೆ. ಪ್ಯಾಡಿಗೆ ಬಟಾಣಿ ಗಾತ್ರದ ನಾಲ್ಕೈದು ಹನಿ, ಮೊದಲು ಕಡಿಮೆ ವೇಗದಲ್ಲಿ ಹರಡಿ, ಆಮೇಲೆ ವೇಗ ಏರಿಸಿ ಸೆಕೆಂಡಿಗೆ ಒಂದಿಂಚಿನಂತೆ ನಿಧಾನವಾಗಿ ಸಾಗಬೇಕು. ಒಂದು ಸಾಲು ಹಿಂದಿನದರ ಅರ್ಧವನ್ನು ಮುಚ್ಚುತ್ತ ಹೋಗಲಿ. ಅಡ್ಡಡ್ಡ ಒಮ್ಮೆ, ಉದ್ದುದ್ದ ಒಮ್ಮೆ, ಹೀಗೆ ಮೂರು ನಾಲ್ಕು ಸುತ್ತು. ಪ್ರತಿ ಚೌಕ ಮುಗಿದಾಗ ಪ್ಯಾಡನ್ನು ಬ್ರಷ್ಷಿನಿಂದ ಉಜ್ಜಿ ಸ್ವಚ್ಛ ಮಾಡಬೇಕು, ಸವೆದ ಬಣ್ಣದ ಪುಡಿ ಅದರಲ್ಲೇ ತುಂಬಿರುತ್ತದೆ. ಅವಸರ ಮಾಡುವವರು ಸೋಲುವುದು ಇಲ್ಲೇ. ಸೆಡಾನ್ ಒಂದನ್ನು ನಿಜವಾಗಿ ಸರಿಪಡಿಸಲು ಪೂರ್ತಿ ಒಂದು ದಿನ ಬೇಕು, ಕಾಂಪೌಂಡ್ ಆಮೇಲೆ ಪಾಲಿಶ್ ಎಂಬ ಎರಡು ಹಂತವಾದರೆ ಇನ್ನೂ ಹೆಚ್ಚು.

ಒಂದು ಗಂಟೆಯಲ್ಲಿ ಗೀರೆಲ್ಲ ಮಾಯವಾಯಿತು ಎಂದು ಯಾರಾದರೂ ತೋರಿಸಿದರೆ, ಅಲ್ಲಿ ಬಹುಶಃ ಎಣ್ಣೆ ಅಥವಾ ಗ್ಲೇಝ್ ಗೀರುಗಳನ್ನು ಮುಚ್ಚಿದೆ. ನಾಲ್ಕು ತೊಳೆತಕ್ಕೆ ಅವು ಮರಳುತ್ತವೆ. ಇದನ್ನು ಕಂಡುಹಿಡಿಯುವುದು ಸುಲಭ: ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲ್ ಸಿಂಪಡಿಸಿ ಒರೆಸಿ, ಟಾರ್ಚ್ ಹಿಡಿದು ನೋಡಬೇಕು. ಅಂಗಡಿಗೆ ಕೊಡುವವರು ಮೊದಲೇ ಮೂರು ವಿಷಯ ಕೇಳಿಕೊಳ್ಳಿ: ಕೆಲಸಕ್ಕೆ ಮುಂಚೆ ಮತ್ತು ನಂತರ ಗೇಜಿನ ಅಳತೆ ಬರೆದುಕೊಡುತ್ತೀರಾ, ನನ್ನೆದುರು ಒಂದು ಚೌಕದ ಅರ್ಧಕ್ಕೆ ಟೇಪ್ ಅಂಟಿಸಿ ಉಳಿದರ್ಧ ಮಾಡಿ ತೋರಿಸುತ್ತೀರಾ, ಕೋಟಿಂಗ್ ಹಚ್ಚುವ ಮುಂಚೆ ಬಿಸಿಲಿನಲ್ಲಿ ನೋಡಲು ಬಿಡುತ್ತೀರಾ. ಕೆಲಸ ಬಲ್ಲವರು ಈ ಪ್ರಶ್ನೆಗಳಿಗೆ ಖುಷಿಪಡುತ್ತಾರೆ.

ಕೋಟಿಂಗಿನ ಬಗ್ಗೆ ಜಾಹೀರಾತು ಹೇಳುವುದಕ್ಕೂ ನಿಜಕ್ಕೂ ಅಂತರವಿದೆ. ಬ್ರೆಜಿಲ್‌ನ ತಾಳೆ ಜಾತಿಯ ಮರದ ಎಲೆಯಿಂದ ಬರುವ ಕಾರ್ನೂಬಾ ಮೇಣ ಒಳ್ಳೆಯ ಮಿರುಗು ಕೊಡುತ್ತದೆ, ನಮ್ಮ ಬಿಸಿಲಿಗೆ ಬಹಳ ದಿನ ನಿಲ್ಲುವುದಿಲ್ಲ. ಸಿಲಿಕಾ ಆಧಾರದ ಸೆರಾಮಿಕ್ ಕೋಟಿಂಗ್ ವರ್ಷಗಟ್ಟಲೆ ಉಳಿಯಬಲ್ಲದು, ನೀರು ಮತ್ತು ಕೊಳೆ ಬೇಗ ಜಾರುವುದರಿಂದ ತೊಳೆಯುವುದು ಸುಲಭವಾಗುತ್ತದೆ. ಆದರೆ ಅದರ ‘9ಎಚ್’ ಎಂಬುದು ಪೆನ್ಸಿಲ್ಲಿನ ಸೀಸದಿಂದ ಗೀರಿ ನೋಡುವ ಪರೀಕ್ಷೆಯ ಅಂಕ, ವಜ್ರಕ್ಕೆ 10 ಕೊಡುವ ಮೋಸ್ ಅಳತೆಯದಲ್ಲ. ಬೆಣಚು ಕಣದ ಎದುರು ಕೋಟಿಂಗೂ ಗೀರಾಗುತ್ತದೆ. ಗೀರನ್ನು ನಿಜಕ್ಕೂ ತಡೆಯುವುದು ಪಿಪಿಎಫ್, ಅಂದರೆ 150ರಿಂದ 200 ಮೈಕ್ರಾನ್ ದಪ್ಪದ ಪಾಲಿಯುರಿಥೇನ್ ಹಾಳೆ. ಅದರ ಮೇಲಿನ ಸಣ್ಣ ಗೀರು ಬಿಸಿಲಿಗೋ ಬಿಸಿನೀರಿಗೋ ತಾನೇ ಕೂಡಿಕೊಳ್ಳುತ್ತದೆ. ಬೆಲೆ ಮಾತ್ರ ಬಹಳ. ಬಾನೆಟ್ ಮತ್ತು ಮುಂದಿನ ಬಂಪರಿಗೆ ಮಾತ್ರ ಹಾಕಿಸುವುದು ಹೆಚ್ಚಿನವರಿಗೆ ಸಾಕು ಎಂಬುದು ನನ್ನ ಅಭಿಪ್ರಾಯ. ಏನನ್ನೇ ಹಾಕಿಸಿದರೂ ಗೀರು ತೆಗೆದ ಮೇಲೆಯೇ ಹಾಕಿಸಿ, ಇಲ್ಲವಾದರೆ ಗೀರುಗಳನ್ನು ಒಳಗಿಟ್ಟು ಬೀಗ ಹಾಕಿದಂತಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ಬಣ್ಣದ ಗತಿ ನಿಂತಿರುವುದು ಒರೆಸುವ ಬಟ್ಟೆಯ ಮೇಲೆ. ಮೈಕ್ರೋಫೈಬರ್ ಬಟ್ಟೆಗಳನ್ನು ಮನೆಯ ಹತ್ತಿ ಬಟ್ಟೆಗಳ ಜೊತೆ ಒಗೆಯಬೇಡಿ. ಹತ್ತಿಯ ನೂಲು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ, ಅದು ಎಳೆಗಳಿಗೆ ಮೆತ್ತಿಕೊಂಡು ನೀರು ಹೀರುವ ಗುಣವನ್ನೇ ಕೊಲ್ಲುತ್ತದೆ. ಅಂಚಿನ ಹೊಲಿಗೆ ಒರಟಾಗಿದ್ದರೆ, ಲೇಬಲ್ ಇದ್ದರೆ, ಮೊದಲೇ ಕತ್ತರಿಸಿ. ನೆಲಕ್ಕೆ ಬಿದ್ದ ಬಟ್ಟೆ ಎಷ್ಟೇ ಹೊಸದಾಗಿರಲಿ, ಅವತ್ತಿನಿಂದ ಅದು ಚಕ್ರಕ್ಕೆ ಮತ್ತು ಎಂಜಿನ್ನಿನ ಕೊಠಡಿಗೆ ಮೀಸಲು.