ಮಂದ ಬೆಳಕಿನ ರಂಗಸ್ಥಳ

ಬಯಲಾಟದಲ್ಲಿ ನಡುರಾತ್ರಿ ಬಣ್ಣದ ವೇಷವು ಅಬ್ಬರಿಸಿ ಪ್ರವೇಶಿಸುವಾಗ ನಮ್ಮ ಕಣ್ಣಿಗೆ ಬೆಳಕಿನ ಕೊರತೆ ತೋರದು, ಕ್ಯಾಮೆರಾಕ್ಕೆ ತೋರುತ್ತದೆ. ಫ್ಲ್ಯಾಷ್ ಹಾಕೋಣವೆಂದರೆ ಅದು ಕಲಾವಿದನ ಕಣ್ಣು ಕುಕ್ಕುತ್ತದೆ, ರಂಗದ ಬೆಳಕಿನ ಸೊಗಸನ್ನೂ ಕೆಡಿಸುತ್ತದೆ.

ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾ ಇಲ್ಲಿ ಉಪಕಾರಿ. ಅದರ ಸಂವೇದಕವು ಗ್ರಹಿಸಿದ ನೋಟವೇ ಕಣ್ಣಿಟ್ಟು ನೋಡುವ ಪುಟ್ಟ ಪರದೆಯಲ್ಲಿ ಮೂಡುವುದರಿಂದ, ಚಿತ್ರವು ಕಪ್ಪಾಗುವುದೋ ಬಿಳಿಚುವುದೋ ಗುಂಡಿ ಒತ್ತುವ ಮೊದಲೇ ತಿಳಿಯುತ್ತದೆ. ಕೈಯ ಅಲುಗಾಟವನ್ನು ಸರಿದೂಗಿಸುವ ಏರ್ಪಾಡು ಅನೇಕ ಕ್ಯಾಮೆರಾಗಳ ಒಡಲಲ್ಲಿಯೇ ಉಂಟು. ಆದರೆ ಗಿರಕಿ ಹೊಡೆಯುವ ವೇಷಧಾರಿಯನ್ನು ಅದು ನಿಲ್ಲಿಸಬಲ್ಲುದೆ? ಇದನ್ನು ಮರೆತು ನಾನೊಮ್ಮೆ ಸೆಕೆಂಡಿನ 1/15 ಭಾಗದಲ್ಲಿ ತೆಗೆದ ಚಿತ್ರದಲ್ಲಿ ಭಾಗವತರ ಹಿಂದಿನ ಪರದೆ ಸ್ಫುಟವಾಗಿತ್ತು. ವೇಷ ಮಾತ್ರ ಹೊಗೆಯಂತಿತ್ತು!

ಕುಣಿತಕ್ಕೆ 1/250 ಸೆಕೆಂಡಾದರೂ ಬೇಕು. ಎಫ್ 1.8ರ ಮಸೂರವು ಎಫ್ 4ರದಕ್ಕಿಂತ ಸುಮಾರು ಐದು ಪಟ್ಟು ಬೆಳಕನ್ನು ಒಳಬಿಡುತ್ತದೆ. ಅದೂ ಸಾಲದಾದಾಗ ಐಎಸ್‌ಒ ಅನ್ನು 6400ಕ್ಕೆ ಏರಿಸಬೇಕು. ಆಗ ಚಿತ್ರದಲ್ಲಿ ಮರಳಿನಂತಹ ಕಣಗಳು ಕಾಣಿಸಿಕೊಳ್ಳುತ್ತವೆ. ಮಸುಕಾದ ಚಿತ್ರಕ್ಕಿಂತ ಅದು ಲೇಸು.

ಮುಂದಿನದು ತಿದ್ದುವ ಕೆಲಸ. ಅದಕ್ಕೆ ‘ರಾ’ ಕಡತವೇ ಯೋಗ್ಯ. ಸಂವೇದಕವು ಕಂಡ ವಿವರಗಳು ಅದರಲ್ಲಿ ಉಳಿದಿರುತ್ತವೆ. ಕಣಗಳನ್ನು ಅಳಿಸುವ ತಂತ್ರಾಂಶವನ್ನು ಅತಿಯಾಗಿ ಬಳಸಿದರೆ ಮುಖವೇನೋ ನುಣುಪಾಗುತ್ತದೆ. ಆದರೆ ಚೌಕಿಯಲ್ಲಿ ತಾಳ್ಮೆಯಿಂದ ಕುಳಿತು ಕಲಾವಿದನು ಅಕ್ಕಿಹಿಟ್ಟಿನಲ್ಲಿ ಇಟ್ಟ ಚುಟ್ಟಿಯ ಮೊನೆಗಳೂ ಅಳಿಸಿಹೋಗುತ್ತವೆ. ಆದುದರಿಂದ ನಾನು ಕೆಂಪು, ಹಸುರು ಚುಕ್ಕೆಗಳನ್ನು ಮಾತ್ರ ತೆಗೆದು, ಬೂದು ಕಣಗಳನ್ನು ಇದ್ದಂತೆಯೇ ಬಿಡುತ್ತೇನೆ.