ಶಸ್ತ್ರಚಿಕಿತ್ಸೆಯ ಗಾಯದ ಆರೈಕೆ

ಶಸ್ತ್ರಚಿಕಿತ್ಸೆಯ ಗಾಯದ ಆರೈಕೆ ಎಂದರೆ ಶಸ್ತ್ರಚಿಕಿತ್ಸೆಗಾಗಿ ಕೊಯ್ದು ಹೊಲಿದ ಭಾಗವು ಸೋಂಕಿಲ್ಲದೆ ಮಾಯುವಂತೆ ನೋಡಿಕೊಳ್ಳುವ ಕ್ರಮ. ಹೊಲಿದ ಗಾಯದ ಮೇಲ್ಪದರವು ಸಾಮಾನ್ಯವಾಗಿ 48 ಗಂಟೆಗಳಲ್ಲಿ ಮುಚ್ಚಿಕೊಳ್ಳುತ್ತದೆ. ಒಳಪದರಗಳು ಬಲಗೊಳ್ಳಲು ತಿಂಗಳುಗಳೇ ಬೇಕಾಗುತ್ತವೆ. ಆದ್ದರಿಂದ ಹೊಲಿಗೆ ಬಿಚ್ಚಿದ ಮೇಲೂ ಆರೈಕೆ ಅಗತ್ಯ.

ಮಾಯುವ ಹಂತಗಳು

ಗಾಯವು ನಾಲ್ಕು ಹಂತಗಳಲ್ಲಿ ಮಾಯುತ್ತದೆ. ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಬಳಿಕ ಉರಿಯೂತದ ಹಂತದಲ್ಲಿ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾಗಳನ್ನೂ ಸತ್ತ ಜೀವಕೋಶಗಳನ್ನೂ ತೆರವುಗೊಳಿಸುತ್ತವೆ. ಆರಂಭದ ಕೆಲವು ದಿನ ಅಂಚಿನಲ್ಲಿ ಕಾಣುವ ಅಲ್ಪ ಕೆಂಪು ಮತ್ತು ಊತಕ್ಕೆ ಇದೇ ಕಾರಣ. ಮೂರನೆಯ ಹಂತದಲ್ಲಿ ಹೊಸ ರಕ್ತನಾಳಗಳೂ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳೂ ಬೆಳೆಯುತ್ತವೆ. ಕೊನೆಯ ಹಂತದಲ್ಲಿ ಈ ಎಳೆಗಳು ಮರುಜೋಡಣೆಗೊಂಡು ಗಟ್ಟಿಯಾಗುತ್ತವೆ. ಇದು ಒಂದು ವರ್ಷದವರೆಗೂ ನಡೆಯಬಹುದು. ಆಗಲೂ ಚರ್ಮವು ಮೊದಲಿದ್ದ ಬಲದ ಸುಮಾರು ಶೇ. 80ರಷ್ಟನ್ನು ಮಾತ್ರ ಮರಳಿ ಪಡೆಯುತ್ತದೆ.

ಮನೆಯಲ್ಲಿ ಆರೈಕೆ

ಗಾಯವನ್ನು ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆಯಬೇಕು. ಹೆಚ್ಚಿನ ಸಂದರ್ಭಗಳಲ್ಲಿ 48 ಗಂಟೆಗಳ ನಂತರ ಸ್ನಾನ ಮಾಡಬಹುದು. ಗಾಯವನ್ನು ಉಜ್ಜದೆ, ಶುಭ್ರ ಬಟ್ಟೆಯಿಂದ ಒತ್ತಿ ಒಣಗಿಸಬೇಕು. ವೈದ್ಯರ ಸಲಹೆಯಿಲ್ಲದೆ ಅರಿಶಿನ, ಎಣ್ಣೆ ಅಥವಾ ಪುಡಿಗಳನ್ನು ಹಚ್ಚಬಾರದು. ಮುಖದ ಹೊಲಿಗೆಗಳನ್ನು ಸುಮಾರು 5 ದಿನಗಳಲ್ಲಿ, ಕೈಕಾಲುಗಳ ಹೊಲಿಗೆಗಳನ್ನು 10ರಿಂದ 14 ದಿನಗಳಲ್ಲಿ ಬಿಚ್ಚುವುದು ವಾಡಿಕೆ. ಹೊಟ್ಟೆಯ ಶಸ್ತ್ರಚಿಕಿತ್ಸೆಯ ಬಳಿಕ ಬೇಗನೆ ಭಾರ ಎತ್ತಿದರೆ ಒಳಗಿನ ಹೊಲಿಗೆಯ ಮೇಲೆ ಒತ್ತಡ ಬೀಳುತ್ತದೆ. ಒಳಪದರ ಬಿಟ್ಟುಕೊಂಡಲ್ಲಿ ಕರುಳು ಹೊರಚಾಚುವ ಹರ್ನಿಯಾ ಉಂಟಾಗಬಹುದು.

ಕೊಲಾಜನ್ ರಚನೆಗೆ ಪ್ರೋಟೀನ್ ಮತ್ತು ಸಿ ಜೀವಸತ್ವ ಬೇಕು. ‘ನಂಜು’ ಎಂಬ ನಂಬಿಕೆಯಿಂದ ಬೇಳೆ, ಮೊಟ್ಟೆ, ತರಕಾರಿಗಳನ್ನು ಬಿಟ್ಟು ಬರಿಯ ಗಂಜಿಯಲ್ಲೇ ವಾರಗಟ್ಟಲೆ ಕಳೆದರೆ ಇವುಗಳ ಕೊರತೆಯಾಗಿ ಗಾಯ ಮಾಯುವುದು ತಡವಾಗಬಹುದು. ಧೂಮಪಾನವೂ ಹತೋಟಿಯಲ್ಲಿಲ್ಲದ ಮಧುಮೇಹವೂ ಸೋಂಕಿನ ಅಪಾಯವನ್ನು ಹೆಚ್ಚಿಸುತ್ತವೆ.

ಸೋಂಕಿನ ಲಕ್ಷಣಗಳು

ಶಸ್ತ್ರಚಿಕಿತ್ಸೆಯಾದ 30 ದಿನಗಳೊಳಗೆ ಕಾಣಿಸುವ ಗಾಯದ ಸೋಂಕನ್ನು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ್ದೆಂದು ಪರಿಗಣಿಸಲಾಗುತ್ತದೆ. ಕೃತಕ ಅಂಗ ಅಥವಾ ಲೋಹದ ಭಾಗ ಅಳವಡಿಸಿದ್ದರೆ ಈ ಅವಧಿ 90 ದಿನಗಳವರೆಗೂ ಇರಬಹುದು. ಹೀಗಾಗಿ ಅನೇಕ ಸೋಂಕುಗಳು ರೋಗಿ ಮನೆಯಲ್ಲಿರುವಾಗಲೇ ಕಾಣಿಸಿಕೊಳ್ಳುತ್ತವೆ. ದಿನೇದಿನೇ ಹೆಚ್ಚುವ ನೋವು, ಹರಡುವ ಕೆಂಪು, ಕೀವು, ದುರ್ವಾಸನೆ, ಜ್ವರ ಅಥವಾ ಹೊಲಿಗೆ ಬಿಟ್ಟುಕೊಳ್ಳುವುದು ಕಂಡುಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಇತಿಹಾಸ

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೂ ಗಾಯದ ಕೀವನ್ನು ಗುಣವಾಗುವ ಸೂಚನೆಯೆಂದು ಹಲವು ವೈದ್ಯರು ಭಾವಿಸಿದ್ದರು. ಜೋಸೆಫ್ ಲಿಸ್ಟರ್ 1865ರಲ್ಲಿ ಗ್ಲಾಸ್ಗೋದಲ್ಲಿ ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿದ ಪಟ್ಟಿಗಳನ್ನು ಬಳಸಲಾರಂಭಿಸಿ, 1867ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಕೀವಿಗೆ ಸೂಕ್ಷ್ಮಜೀವಿಗಳೇ ಕಾರಣವೆಂಬ ತಿಳಿವಳಿಕೆ ಅನಂತರದ ದಶಕಗಳಲ್ಲಿ ನೆಲೆಗೊಂಡಿತು.